4.1 ಫ್ಯಾಟ್‌ಗೆ 4.0ರ ದರ ಯಾಕೆ ಬಿತ್ತು? ಜಾವಾದ ಫ್ಲೋಟ್ ಒಳಗೆ ಏನಿದೆ?

ಪ್ರಶ್ನೆ: ನಮ್ಮೂರಿನ ಹಾಲಿನ ಸಂಘಕ್ಕೆ ಜಾವಾದಲ್ಲಿ ಒಂದು ಲೆಕ್ಕದ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಲೀಟರ್, ಫ್ಯಾಟ್, ದರ, ಮೊತ್ತ ಎಲ್ಲವನ್ನೂ ಫ್ಲೋಟ್‌ನಲ್ಲಿ, ಅಂದರೆ ಬಿಂದು ಇರುವ ಸಂಖ್ಯೆ ಇಡುವ 32 ಬಿಟ್‌ನ ಟೈಪ್‌ನಲ್ಲಿ, ಇಟ್ಟಿದ್ದೇನೆ. ಎರಡು ತೊಂದರೆ ಕಾಣಿಸಿವೆ. ಫ್ಯಾಟ್ ಸರಿಯಾಗಿ 4.1 ಬಂದವರಿಗೆ 4.1ರ ದರ ಸಿಗುತ್ತಿಲ್ಲ, ಒಂದು ಹಂತ ಕೆಳಗಿನ ದರ ಬೀಳುತ್ತಿದೆ. 4.3 ಬಂದವರಿಗೆ ಮಾತ್ರ ಸರಿಯಾಗಿದೆ. ಇನ್ನೊಂದು, ಸಂಘದ ಒಟ್ಟು ಮೊತ್ತ ಲಕ್ಷ ದಾಟಿದ ಮೇಲೆ ಕೈಲೆಕ್ಕದ ಜೊತೆ ಪೈಸೆ ತಾಳೆಯಾಗುತ್ತಿಲ್ಲ. ‘ಫ್ಲೋಟ್ ಏಳೇ ಅಂಕಿ ಹಿಡಿಯೋದು, ಡಬಲ್ ಹಾಕು’ ಎಂದು ಗೆಳೆಯರು ಹೇಳಿದರು. ಅಷ್ಟೇನಾ? ಫ್ಲೋಟ್ ಒಳಗೆ ನಿಜವಾಗಿ ಏನು ನಡೆಯುತ್ತೆ?

ಉತ್ತರ: ಅಷ್ಟೇ ಅಲ್ಲ. ಡಬಲ್ (ಅದೇ ಬಗೆಯ, 64 ಬಿಟ್‌ನ ಟೈಪ್) ಹಾಕಿದರೆ ನಿಮ್ಮ ಎರಡನೇ ತೊಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಗುತ್ತದೆ. ಮೊದಲನೆಯದು ಹೋದಂತೆ ಕಂಡು, ಇನ್ನೊಂದು ಜಾಗದಲ್ಲಿ ಮತ್ತೆ ತಲೆ ಎತ್ತಬಹುದು. ಇಲ್ಲಿ ರೈತರ ದುಡ್ಡಿನ ಮಾತಿದೆ. ಹಾಗಾಗಿ ಸುಮ್ನೆ ಟೈಪ್ ಬದಲಿಸಿ ಮುಂದೆ ಹೋಗುವ ಬದಲು ಒಳಗೆ ಏನಾಗುತ್ತಿದೆ ಅಂತ ನೋಡೋಣ.

‘ಫ್ಲೋಟ್ ಅಂದರೆ ಅಂದಾಜು ಸಂಖ್ಯೆ’ ಎಂದು ತುಂಬಾ ಜನ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಫ್ಲೋಟ್‌ನಲ್ಲಿ ಇರುವ ಪ್ರತಿಯೊಂದು ಬೆಲೆಯೂ ಒಂದು ಖಚಿತವಾದ ಸಂಖ್ಯೆ. ಅದರಲ್ಲಿ ಮಬ್ಬು ಏನೂ ಇಲ್ಲ. ಆದರೆ ಅಂಥ ಸಂಖ್ಯೆಗಳು ಎಣಿಕೆಗೆ ಸಿಗುವಷ್ಟೇ ಇವೆ. ಇರೋದು 32 ಬಿಟ್, ಅಂದರೆ 429 ಕೋಟಿ ಚಿಲ್ಲರೆ ಜೋಡಣೆಗಳು, ಅಷ್ಟೇ. ಅವನ್ನು ಒಂದು ಉದ್ದನೆಯ ಅಳತೆಪಟ್ಟಿಯ ಮೇಲಿನ ಗೆರೆಗಳು ಎಂದುಕೊಳ್ಳಿ. ನೀವು ಬರೆದ ಸಂಖ್ಯೆ ಗೆರೆಯ ಮೇಲೆ ಬಿದ್ದರೆ ಹಾಗೆಯೇ ಉಳಿಯುತ್ತದೆ. ಎರಡು ಗೆರೆಗಳ ನಡುವೆ ಬಿದ್ದರೆ ಹತ್ತಿರದ ಗೆರೆಗೆ ಸರಿಯುತ್ತದೆ. ಈ ಗೆರೆಗಳು ಸಮ ದೂರದಲ್ಲಿ ಇಲ್ಲ, ಅದೇ ಇಲ್ಲಿನ ಮುಖ್ಯ ಸಂಗತಿ. ಸೊನ್ನೆಯ ಹತ್ತಿರ ಕಿಕ್ಕಿರಿದು ನಿಂತಿವೆ, ದೂರ ಹೋದಂತೆ ಅಂತರ ಹೆಚ್ಚುತ್ತಾ ಹೋಗುತ್ತದೆ. 1ರಿಂದ 2ರವರೆಗೆ 83,88,608 ಗೆರೆಗಳು. 2ರಿಂದ 4ರವರೆಗೂ ಅಷ್ಟೇ. 4ರಿಂದ 8ರವರೆಗೂ ಅಷ್ಟೇ! ನಿಮ್ಮ ಎರಡೂ ತೊಂದರೆ ಹುಟ್ಟಿದ್ದು ಇಲ್ಲಿಂದಲೇ.

ಹೀಗೆ ಯಾಕೆ ಅಂತ ತಿಳಿಯಲು ಬಿಟ್‌ಗಳನ್ನು ಬಿಡಿಸಿ ನೋಡಬೇಕು. 32 ಬಿಟ್‌ಗಳಲ್ಲಿ ಮೊದಲನೆಯದು ಚಿಹ್ನೆಗೆ: 0 ಆದರೆ ಪ್ಲಸ್, 1 ಆದರೆ ಮೈನಸ್. ಆಮೇಲಿನ 8 ಬಿಟ್ ಎಕ್ಸ್‌ಪೊನೆಂಟ್‌ಗೆ, ಅಂದರೆ 2ರ ಎಷ್ಟನೇ ಘಾತ ಎಂಬುದಕ್ಕೆ. ಉಳಿದ 23 ಬಿಟ್ ಅಂಕಿಗಳಿಗೆ. 6.5 ತೆಗೆದುಕೊಳ್ಳಿ. ನಾಲ್ಕು, ಎರಡು, ಅರ್ಧ ಸೇರಿ 6.5 ಆಗುವುದರಿಂದ ಬೈನರಿಯಲ್ಲಿ ಅದು 110.1. ಬಿಂದುವನ್ನು ಎರಡು ಮನೆ ಎಡಕ್ಕೆ ತಂದರೆ 1.101, ಅದನ್ನು 2ರ 2ನೇ ಘಾತದಿಂದ ಗುಣಿಸಬೇಕು. ಎಕ್ಸ್‌ಪೊನೆಂಟ್ ಮೈನಸ್ ಕೂಡ ಆಗಬಹುದಲ್ವಾ? ಅದಕ್ಕಾಗಿ ಯಾವಾಗಲೂ 127 ಕೂಡಿಸಿ ಇಡುತ್ತಾರೆ. 2ಕ್ಕೆ 127 ಸೇರಿ 129, ಬೈನರಿಯಲ್ಲಿ 10000001. ಬಿಂದುವಿನ ಎಡಕ್ಕಿರುವ 1 ಸದಾ 1 ಆಗಿಯೇ ಇರುವುದರಿಂದ ಅದನ್ನು ಬರೆಯುವುದೇ ಇಲ್ಲ. ಬಲಗಡೆಯ 101 ಬರೆದು ಇಪ್ಪತ್ತು ಸೊನ್ನೆ ತುಂಬಿದರೆ ಮುಗಿಯಿತು. ಬರೆಯದೆ ಉಳಿಸಿದ ಆ ಒಂದು ಬಿಟ್‌ನಿಂದಾಗಿ 23 ಬಿಟ್ ಜಾಗದಲ್ಲಿ 24 ಬಿಟ್ ನಿಖರತೆ ಸಿಗುತ್ತದೆ. ನನಗೆ ಈ ಏರ್ಪಾಡಿನಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಎಕ್ಸ್‌ಪೊನೆಂಟ್ ಒಂದು ಏರಿದರೆ ಸಂಖ್ಯೆ ಇಮ್ಮಡಿಯಾಗುತ್ತದೆ. ಅಂಕಿಯ ಬಿಟ್‌ಗಳು ಮಾತ್ರ ಅಷ್ಟೇ ಇರುತ್ತವೆ. ಹಾಗಾಗಿ ಗೆರೆಗಳ ಅಂತರವೂ ಇಮ್ಮಡಿ. ಫ್ಲೋಟ್ ಬಳಸುವವರು ನೆನಪಿಡಬೇಕಾದ ಲೆಕ್ಕ ಇದು: ನಿಮ್ಮ ಸಂಖ್ಯೆಗಿಂತ ದೊಡ್ಡದಲ್ಲದ, ಎಲ್ಲಕ್ಕಿಂತ ದೊಡ್ಡ 2ರ ಘಾತವನ್ನು ಹುಡುಕಿ, ಅದನ್ನು 83,88,608ರಿಂದ ಭಾಗಿಸಿ. ಅಲ್ಲಿನ ಅಂತರ ಸಿಕ್ಕಿತು. ಜಾವಾದಲ್ಲಿ ಇದನ್ನು ನೇರವಾಗಿ ಹೇಳುವ ಮೆಥಡ್ ಕೂಡ ಇದೆ, ಮ್ಯಾಥ್ ಕ್ಲಾಸ್‌ನ ಯುಎಲ್‌ಪಿ.

ಈಗ ನಿಮ್ಮ 4.1ಕ್ಕೆ ಬನ್ನಿ. ಹತ್ತನೇ ಒಂದು ಭಾಗವನ್ನು ಬೈನರಿಯಲ್ಲಿ ಪೂರ್ತಿ ಬರೆಯಲು ಬರುವುದಿಲ್ಲ. ಹತ್ತರೊಳಗೆ ಒಂದು 5 ಇದೆ, ಎರಡರ ಯಾವ ಘಾತವೂ ಐದರಿಂದ ಭಾಗವಾಗುವುದಿಲ್ಲ. ಹಾಗಾಗಿ 0.1 ಬೈನರಿಯಲ್ಲಿ 0.000110011001100 ಎಂದು ಕೊನೆಯಿಲ್ಲದೆ ಸಾಗುತ್ತದೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. 4 ಮತ್ತು 8ರ ನಡುವೆ ಗೆರೆಗಳ ಅಂತರ 20,97,152ರಲ್ಲಿ ಒಂದು ಭಾಗ. 4.1 ಎಂದರೆ ಅಂಥ 85,98,323.2 ಭಾಗಗಳು. ಅರ್ಧ ಗೆರೆ ಇಲ್ಲವಲ್ಲ, 85,98,323ಕ್ಕೆ ಸರಿಯುತ್ತದೆ. ಫ್ಲೋಟ್‌ನಲ್ಲಿ ಕೂತಿರುವ ಖಚಿತ ಸಂಖ್ಯೆ 4.099999904632568359375. ಅಂದರೆ 4.1ಕ್ಕಿಂತ ಕೂದಲೆಳೆಯಷ್ಟು ಕಡಿಮೆ.

ಇಷ್ಟರಿಂದಲೇ ದರ ತಪ್ಪುತ್ತಿರಲಿಲ್ಲ. ನಿಮ್ಮ ಇಫ್ ಸಾಲಿನಲ್ಲಿ ಬರಿದೆ 4.1 ಎಂದು ಬರೆದಿರುತ್ತೀರಿ. ಕೊನೆಗೆ ಎಫ್ ಅಕ್ಷರ ಇಲ್ಲದಿದ್ದರೆ ಜಾವಾ ಅದನ್ನು ಡಬಲ್ ಎಂದೇ ಓದುತ್ತದೆ. ಡಬಲ್‌ನ ಗೆರೆಗಳು ತುಂಬಾ ಒತ್ತಾಗಿವೆ, ಅದರ 4.1 ಸುಮಾರು 4.0999999999999996. ಫ್ಲೋಟನ್ನೂ ಡಬಲನ್ನೂ ಹೋಲಿಸುವಾಗ ಜಾವಾ ಫ್ಲೋಟನ್ನು ಡಬಲ್‌ಗೆ ಏರಿಸುತ್ತದೆ. ಏರಿಸುವಾಗ ಬೆಲೆ ಬದಲಾಗುವುದಿಲ್ಲ, ಕಳೆದುಹೋದ ಅಂಕಿಗಳು ವಾಪಸ್ಸೂ ಬರುವುದಿಲ್ಲ. ಫ್ಯಾಟ್ 4.0999999046, ಹಂತ 4.0999999999999996. ಫ್ಯಾಟ್ ಅದಕ್ಕಿಂತ ದೊಡ್ಡದೋ ಸಮವೋ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ನ್ಯಾಯವಾಗಿಯೇ ಬರುತ್ತದೆ.

4.3 ಸರಿಹೋಗಿದ್ದು ಅದೃಷ್ಟದಿಂದ. ಅದು 90,17,753.6 ಭಾಗ, ಸರಿಯುವಾಗ ಮೇಲಿನ ಗೆರೆಗೆ ಹೋಗುತ್ತದೆ, 4.3000002ರ ಹತ್ತಿರ. ಹೋಲಿಕೆ ಗೆಲ್ಲುತ್ತದೆ. ಇದೇ ಲೆಕ್ಕ ಹಾಕಿದರೆ 3.6, 3.8, 4.2, 4.6, 4.7 ಕೂಡ ಕೆಳಗೆ ಬೀಳುತ್ತವೆ. 3.7, 3.9, 4.4, 4.8 ಪಾರಾಗುತ್ತವೆ. 3.5, 4.0, 4.5 ಗೆರೆಯ ಮೇಲೆಯೇ ಇವೆ, ಅವಕ್ಕೆ ಯಾವ ತೊಂದರೆಯೂ ಇಲ್ಲ. ನನಗೆ ಕಳವಳ ತರುವುದು ಇದೇ. ಪರೀಕ್ಷೆ ಮಾಡುವಾಗ ನಾವೆಲ್ಲ ಕೈಗೆ ಬರುವ ಸಂಖ್ಯೆ ಹಾಕುತ್ತೇವೆ: 3.5, 4, 4.5. ಎಲ್ಲ ಪಾಸ್. 3.6 ಫ್ಯಾಟ್ ಹಾಲು ಹಾಕುವವರಿಗೆ ಮಾತ್ರ ದಿನಾ ಬೆಳಿಗ್ಗೆ, ಸಂಜೆ ಒಂದು ಹಂತ ಕಡಿಮೆ ದರ. ಚೀಟಿಯಲ್ಲಿ ಫ್ಯಾಟ್ 3.6 ಎಂದೇ ಅಚ್ಚಾಗಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಅಚ್ಚಿನಲ್ಲಿ 3.6 ಅಂತಲೇ ಯಾಕೆ ಬರುತ್ತದೆ? ಜಾವಾ ಫ್ಲೋಟನ್ನು ಬರೆಯುವಾಗ ಪೂರ್ತಿ ಅಂಕಿ ಬರೆಯುವುದಿಲ್ಲ. ಪಕ್ಕದ ಗೆರೆಗಳಿಂದ ಇದನ್ನು ಬೇರೆ ಮಾಡಿ ಗುರುತಿಸಲು ಎಷ್ಟು ಬೇಕೋ ಅಷ್ಟನ್ನೇ ಬರೆಯುತ್ತದೆ. ಒಳಗಿನ ನಿಜವಾದ ಬೆಲೆ ನೋಡಬೇಕೆಂದರೆ ಆ ಫ್ಲೋಟನ್ನು ನೇರವಾಗಿ ಬಿಗ್‌ಡೆಸಿಮಲ್ (ದಶಮಾಂಶ ಅಂಕಿಗಳನ್ನು ಹಾಗೆಯೇ ಇಡುವ ಜಾವಾದ ಕ್ಲಾಸ್) ಕನ್‌ಸ್ಟ್ರಕ್ಟರ್‌ಗೆ ಕೊಟ್ಟು ಪ್ರಿಂಟ್ ಮಾಡಿ. ಮೊದಲ ಸಲ ಇದನ್ನು ಮಾಡಿದವರಿಗೆ ಫ್ಲೋಟ್ ಬಗೆಗಿನ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಇನ್ನು ಎರಡನೇ ತೊಂದರೆ. ಅಂತರದ ಲೆಕ್ಕವನ್ನು ರೂಪಾಯಿಗೆ ಹಾಕಿ ನೋಡಿ. 65,536 ರೂಪಾಯಿಯಿಂದ 1,31,072 ರೂಪಾಯಿವರೆಗೆ ಗೆರೆಗಳ ಅಂತರ ಸುಮಾರು 0.78 ಪೈಸೆ. ಇಲ್ಲಿಯವರೆಗೆ ಪ್ರತಿ ಪೈಸೆಗೂ ತನ್ನದೇ ಆದ ಗೆರೆ ಇದೆ. 1,31,072 ದಾಟಿದ ಕೂಡಲೇ ಅಂತರ 1.5625 ಪೈಸೆ ಆಗುತ್ತದೆ. ಅಲ್ಲಿಂದ ಮುಂದೆ ಎಲ್ಲ ಪೈಸೆಗಳಿಗೂ ಜಾಗವೇ ಇಲ್ಲ. 2,00,000.01 ಮತ್ತು 2,00,000.02 ಎರಡನ್ನೂ ಫ್ಲೋಟ್‌ಗೆ ಹಾಕಿ, ಸಮವೇ ಎಂದು ಕೇಳಿ. ‘ಹೌದು’ ಎನ್ನುತ್ತದೆ. ಎರಡೂ 2,00,000.015625 ಎಂಬ ಒಂದೇ ಗೆರೆಗೆ ಹೋಗಿ ಕೂತಿವೆ. ‘ಲಕ್ಷ ದಾಟಿದ ಮೇಲೆ’ ಎಂದು ನೀವು ಗಮನಿಸಿದ್ದು ಎಷ್ಟು ಸರಿಯಾಗಿದೆ ನೋಡಿ.

ಈಗ ಇದರ ಮೇಲೆ ಕೂಡಿಸುವುದು. ಒಟ್ಟು 2,00,000 ಇದೆ, ಒಬ್ಬರ ಹಾಲಿಗೆ 218.88 ರೂಪಾಯಿ ಸೇರಿಸುತ್ತೀರಿ. ಬರಬೇಕಾದ್ದು 2,00,218.88. ಹತ್ತಿರದ ಗೆರೆ 2,00,218.875. ಅರ್ಧ ಪೈಸೆ ಹೋಯಿತು. ಮುಂದಿನ ನಮೂದಿನಲ್ಲಿ ಇನ್ನಷ್ಟು ಹೋಗಬಹುದು ಅಥವಾ ಬರಬಹುದು. 2,62,144 ದಾಟಿದರೆ ಅಂತರ 3 ಪೈಸೆಗೂ ಜಾಸ್ತಿ, 5,24,288 ದಾಟಿದರೆ 6 ಪೈಸೆಗೂ ಜಾಸ್ತಿ, 10,48,576 ದಾಟಿದರೆ ಹನ್ನೆರಡೂವರೆ ಪೈಸೆ. ಪ್ರತಿ ಕೂಡಿಕೆಯಲ್ಲೂ ಗರಿಷ್ಠ ಇದರ ಅರ್ಧದಷ್ಟು ತಪ್ಪಬಹುದು. ಒಂದೇ ಮೊತ್ತ ಮತ್ತೆ ಮತ್ತೆ ಸೇರುತ್ತಿದ್ದರೆ ತಪ್ಪು ಬಹಳ ಹೊತ್ತು ಒಂದೇ ದಿಕ್ಕಿಗೆ ಬೀಳುತ್ತಾ ಹೋಗುತ್ತದೆ. ಲಕ್ಷದೊಳಗೂ ಇಂಥ ಸಣ್ಣ ತಪ್ಪುಗಳು ಸೇರುತ್ತಲೇ ಇರುತ್ತವೆ, ಕಣ್ಣಿಗೆ ಬೀಳುವುದು ಆಮೇಲೆ. 0.1 ಎಂಬ ಫ್ಲೋಟನ್ನು ಸೊನ್ನೆಗೆ ಹತ್ತು ಸಲ ಕೂಡಿಸಿ ನೋಡಿ, 1 ಬರುವುದಿಲ್ಲ, 1.0000001 ಬರುತ್ತದೆ.

1,67,77,216 ಎಂಬ ಸಂಖ್ಯೆಯನ್ನು ಮಾತ್ರ ಮರೆಯಬೇಡಿ. 2ರ 24ನೇ ಘಾತ ಅದು. ಅಲ್ಲಿಯವರೆಗೆ ಎಲ್ಲ ಪೂರ್ಣಾಂಕಗಳೂ ಫ್ಲೋಟ್‌ನಲ್ಲಿ ಇವೆ. ಅಲ್ಲಿಂದ ಮುಂದೆ ಅಂತರ 2, ಬೆಸ ಸಂಖ್ಯೆಗಳು ಇಲ್ಲವೇ ಇಲ್ಲ. ಅದಕ್ಕೆ 1 ಕೂಡಿಸಿದರೆ ಉತ್ತರ ಎರಡು ಗೆರೆಗಳ ಸರಿಯಾದ ಮಧ್ಯಕ್ಕೆ ಬೀಳುತ್ತದೆ. ಹಾಗೆ ಮಧ್ಯಕ್ಕೆ ಬಿದ್ದಾಗ ಕೊನೆಯ ಬಿಟ್ ಸೊನ್ನೆ ಇರುವ ಗೆರೆಗೆ ಹೋಗಬೇಕು ಎಂಬುದು ನಿಯಮ, ಹಾಗಾಗಿ ಮತ್ತೆ 1,67,77,216ಕ್ಕೇ ಬರುತ್ತದೆ. ಫ್ಲೋಟ್ ಕೌಂಟರ್ ಇಟ್ಟುಕೊಂಡು ಎರಡು ಕೋಟಿವರೆಗೆ ಒಂದೊಂದೇ ಏರಿಸುವ ಲೂಪ್ ಬರೆದರೆ ಅದು ಎಂದೂ ಮುಗಿಯುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಇಂಟ್‌ನಿಂದ (ಪೂರ್ಣಾಂಕದ ಟೈಪ್) ಫ್ಲೋಟ್‌ಗೆ ಹಾಕುವಾಗ ಕ್ಯಾಸ್ಟ್ (ಟೈಪ್ ಬದಲಿಸು ಎಂದು ನಾವೇ ಬರೆದು ಹೇಳುವುದು) ಬೇಕಿಲ್ಲದ ಕಾರಣ ಕಂಪೈಲರ್ ಕೂಡ ತಡೆಯುವುದಿಲ್ಲ: 12,34,56,789 ಎಂಬ ಇಂಟ್ ಸದ್ದಿಲ್ಲದೆ 12,34,56,792 ಆಗಿಬಿಡುತ್ತದೆ.

ಇದರಿಂದ ಇನ್ನೊಂದು ಪರಿಣಾಮ ಇದೆ. ಕೂಡಿಸುವ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆ. 1,67,77,216ಕ್ಕೆ 1, ಆಮೇಲೆ ಇನ್ನೊಂದು 1 ಕೂಡಿಸಿದರೆ ಅಲ್ಲೇ ನಿಲ್ಲುತ್ತದೆ. ಮೊದಲು 1 ಮತ್ತು 1 ಕೂಡಿಸಿ 2 ಮಾಡಿ ಸೇರಿಸಿದರೆ 1,67,77,218 ಬರುತ್ತದೆ. ನಿಮ್ಮ ಪ್ರೋಗ್ರಾಮಿನಲ್ಲಿ ರೈತರವಾರು ಮೊತ್ತ ಕೂಡಿಸಿ ಬಂದ ಒಟ್ಟು ಮತ್ತು ದಿನವಾರು ಕೂಡಿಸಿ ಬಂದ ಒಟ್ಟು ಬೇರೆ ಬೇರೆ ಕಾಣಿಸಿದರೆ ಕಾರಣ ಇದೇ.

ಗೆಳೆಯರು ಹೇಳಿದ ‘ಏಳು ಅಂಕಿ’ ಅರ್ಧ ಸತ್ಯ. 24 ಬಿಟ್‌ಗಳನ್ನು ದಶಮಾಂಶಕ್ಕೆ ತಂದರೆ 7.2 ಅಂಕಿ ಬರುತ್ತದೆ, ಮಾತು ಬಂದಿದ್ದು ಅಲ್ಲಿಂದ. ಆದರೆ ಎಲ್ಲ ಕಡೆಯೂ ಕಳೆಯದೆ ಉಳಿಯುತ್ತದೆ ಎಂದು ಧೈರ್ಯವಾಗಿ ಹೇಳಬಹುದಾದ್ದು 6 ಅಂಕಿ. ಫ್ಲೋಟನ್ನು ಪಠ್ಯವಾಗಿ ಬರೆದು, ಮತ್ತೆ ಓದಿದಾಗ ಅದೇ ಗೆರೆಗೆ ಬರಬೇಕೆಂದರೆ 9 ಅಂಕಿ ಬರೆದರೆ ಸಾಕು. ಮತ್ತೆ, ಇವು ಬಿಂದುವಿನ ನಂತರದ ಅಂಕಿಗಳಲ್ಲ. ಸಂಖ್ಯೆಯ ಎಡತುದಿಯಿಂದ ಎಣಿಸುವ ಅಂಕಿಗಳು. ಎಡಗಡೆ ಲಕ್ಷಗಳು ಬಂದಷ್ಟೂ ಬಲಗಡೆ ಪೈಸೆಗಳಿಗೆ ಜಾಗ ಕಡಿಮೆ.

ಈ ನಿಯಮಗಳು ಜಾವಾದವರು ಕಟ್ಟಿದ್ದಲ್ಲ. 1985ರಲ್ಲಿ ಬಂದ ಐಇಇಇ 754 ಎಂಬ ಮಾನದಂಡದವು. ಅದರ ಹಿಂದಿನ ಮುಖ್ಯ ವ್ಯಕ್ತಿ ಬರ್ಕ್ಲಿಯ ವಿಲಿಯಂ ಕಹಾನ್, 1989ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಅದಕ್ಕೂ ಮೊದಲು ಐಬಿಎಂ, ಡೆಕ್, ಕ್ರೇ ಯಂತ್ರಗಳಲ್ಲಿ ಒಂದೊಂದರದು ಒಂದೊಂದು ರೀತಿ. ಒಂದೇ ಪ್ರೋಗ್ರಾಮ್ ಬೇರೆ ಯಂತ್ರದಲ್ಲಿ ಬೇರೆ ಉತ್ತರ ಕೊಡುತ್ತಿತ್ತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕೆಳಗೆ ಬೀಳುವ 4.1 ಎಲ್ಲರ ಯಂತ್ರದಲ್ಲೂ ಅಷ್ಟೇ ಕೆಳಗೆ ಬೀಳುತ್ತದೆ, ಹಾಗಾಗಿಯೇ ನಾನಿಲ್ಲಿ ಕೂತು ನಿಮ್ಮ ತಪ್ಪನ್ನು ಪೇಪರ್ ಮೇಲೆ ಲೆಕ್ಕ ಹಾಕಿ ಹೇಳಲು ಆಗುತ್ತಿದೆ. ಇದು ಸಣ್ಣ ಸಾಧನೆಯಲ್ಲ.

ಅದೇ ಮಾನದಂಡ ಎಕ್ಸ್‌ಪೊನೆಂಟ್‌ನ ಎರಡು ತುದಿಗಳನ್ನು ವಿಶೇಷ ಕೆಲಸಕ್ಕೆ ಎತ್ತಿಟ್ಟಿದೆ. ಎಂಟೂ ಬಿಟ್ ಸೊನ್ನೆ ಇದ್ದರೆ ಅದು ಸೊನ್ನೆ ಅಥವಾ ಸೊನ್ನೆಗೆ ಅಂಟಿಕೊಂಡ ತೀರಾ ಸಣ್ಣ ಸಂಖ್ಯೆಗಳು. ಎಂಟೂ ಒಂದು ಇದ್ದರೆ ಇನ್ಫಿನಿಟಿ ಅಥವಾ ನ್ಯಾನ್, ಅಂದರೆ ‘ಇದು ಸಂಖ್ಯೆಯೇ ಅಲ್ಲ’ ಎಂಬ ಗುರುತು. ನಿಮಗೆ ನ್ಯಾನ್ ಮುಖ್ಯ. ಒಬ್ಬರ ಸರಾಸರಿ ಫ್ಯಾಟ್ ತೆಗೆಯುವಾಗ ಆ ವಾರ ಅವರು ಹಾಲೇ ಹಾಕಿಲ್ಲ ಎಂದಿಟ್ಟುಕೊಳ್ಳಿ. ಫ್ಲೋಟ್ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಯಿತು. ಇಂಟ್ ಆಗಿದ್ದರೆ ಜಾವಾ ಎಕ್ಸೆಪ್ಶನ್ ಎಸೆದು ನಿಲ್ಲುತ್ತಿತ್ತು. ಫ್ಲೋಟ್ ನಿಲ್ಲುವುದಿಲ್ಲ, ನ್ಯಾನ್ ಕೊಟ್ಟು ಮುಂದೆ ಹೋಗುತ್ತದೆ. ಆಮೇಲೆ ಅದನ್ನು ಯಾವುದರ ಜೊತೆ ಕೂಡಿಸಿದರೂ ನ್ಯಾನ್. ಅದಕ್ಕಿಂತ ದೊಡ್ಡದಾ, ಚಿಕ್ಕದಾ, ಸಮವಾ ಎಂದು ಏನು ಕೇಳಿದರೂ ‘ಇಲ್ಲ’. ತನಗೆ ತಾನೇ ಸಮವೇ ಎಂದರೂ ‘ಇಲ್ಲ’. ನಿಮ್ಮ ಇಫ್‌ಗಳೆಲ್ಲ ಸೋತು ಕೊನೆಯ ಎಲ್ಸ್‌ಗೆ, ಅಂದರೆ ಎಲ್ಲಕ್ಕಿಂತ ಕಡಿಮೆ ದರಕ್ಕೆ ಹೋಗಿ ಬೀಳುತ್ತದೆ. ಇನ್ನೊಂದು ಮಾತು: ಗರಿಷ್ಠ ಹುಡುಕುವಾಗ ಆರಂಭಕ್ಕೆ ಫ್ಲೋಟ್‌ನ ಮಿನ್ ವ್ಯಾಲ್ಯೂ ಹಾಕಬೇಡಿ. ಅದು ಅತಿ ದೊಡ್ಡ ಮೈನಸ್ ಸಂಖ್ಯೆಯಲ್ಲ, ಸೊನ್ನೆಗಿಂತ ಮೇಲಿರುವ ಅತಿ ಸಣ್ಣ ಸಂಖ್ಯೆ.

ಹಾಗಾದರೆ ಡಬಲ್? ಅದರಲ್ಲಿ 53 ಬಿಟ್ ನಿಖರತೆ ಇದೆ. ಹತ್ತು ಲಕ್ಷದ ಹತ್ತಿರವೂ ಗೆರೆಗಳ ಅಂತರ ಪೈಸೆಯ ಹತ್ತು ಕೋಟಿಯಲ್ಲಿ ಒಂದೆರಡು ಭಾಗದಷ್ಟೇ. ಒಟ್ಟು ಮೊತ್ತ ತಾಳೆಯಾಗುತ್ತದೆ. ಆದರೆ 0.1 ಅಲ್ಲೂ ಗೆರೆಯ ಮೇಲಿಲ್ಲ. ಡಬಲ್‌ನಲ್ಲಿ 4.35ನ್ನು 100ರಿಂದ ಗುಣಿಸಿದರೆ 434.99999999999994 ಬರುತ್ತದೆ. ಅದನ್ನು ಇಂಟ್‌ಗೆ ಕ್ಯಾಸ್ಟ್ ಮಾಡಿದರೆ ಬಾಲ ಕತ್ತರಿಸಿ 434. ಹಂತ ನೋಡುವ ಜಾಗದಲ್ಲಿ ಹೀಗಾದರೆ ಮತ್ತೆ ಅದೇ ಕಥೆ. ಸಣ್ಣ ಅಂತರವನ್ನು ಕ್ಷಮಿಸುವ ಹೋಲಿಕೆ ಬರೆಯಬಹುದು. ಆದರೆ ಆ ಅಂತರ ಎಷ್ಟಿರಬೇಕು ಅನ್ನುವುದು ಸಂಖ್ಯೆಯ ಗಾತ್ರದ ಮೇಲೆ ನಿಂತಿದೆ. 0.00001 ಎಂದು ಎಲ್ಲ ಕಡೆ ಒಂದನ್ನೇ ಹಾಕಿದರೆ ಲಕ್ಷಗಳ ಫ್ಲೋಟ್‌ಗೆ ಅದು ಏನೇನೂ ಅಲ್ಲ.

ನಿಮ್ಮ ಕೆಲಸಕ್ಕೆ ನನ್ನ ಸಲಹೆ ಬೇರೆ. ಹಾಲಿನ ಸಂಘದ ಲೆಕ್ಕದಲ್ಲಿ ಬಿಂದು ತಾನಾಗಿ ತೇಲುವ ಅಗತ್ಯವೇ ಇಲ್ಲ. ಪೈಸೆಗಿಂತ ಕಡಿಮೆ ಕೊಡುವುದಿಲ್ಲ, ಫ್ಯಾಟ್ ಒಂದೇ ದಶಮಾಂಶದಲ್ಲಿ ಓದುತ್ತೀರಿ. ಎಲ್ಲವನ್ನೂ ಪೂರ್ಣಾಂಕದಲ್ಲಿ ಇಡಿ. ಫ್ಯಾಟ್ 4.1 ಬದಲು 41. ಹಾಲು ಮಿಲಿಲೀಟರ್‌ನಲ್ಲಿ. ದರ, ಮೊತ್ತ ಪೈಸೆಯಲ್ಲಿ. 6.4 ಲೀಟರ್, ಲೀಟರಿಗೆ 34.20 ರೂಪಾಯಿ ಇದ್ದರೆ 6,400 ಗುಣಿಸು 3,420, ಬಂದದ್ದು 2,18,88,000. ಅದಕ್ಕೆ 500 ಕೂಡಿಸಿ 1,000ದಿಂದ ಭಾಗಿಸಿದರೆ ಅರ್ಧ ಪೈಸೆ ಮೇಲಕ್ಕೆ ಹೋಗುವಂತೆ ರೌಂಡ್ ಆಗಿ 21,888 ಪೈಸೆ, ಅಂದರೆ 218.88 ರೂಪಾಯಿ. ಇಂಟ್ ಬೇಡ, ಅದಕ್ಕಿಂತ ದೊಡ್ಡ ಪೂರ್ಣಾಂಕ ಹಿಡಿಯುವ ಲಾಂಗ್ ಬಳಸಿ. ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರ್ ಲೆಕ್ಕ ಹಾಕಿದರೂ ನಡುವಿನ ಗುಣಲಬ್ಧ ಇಂಟ್‌ನ 214 ಕೋಟಿಯ ಮಿತಿ ದಾಟುತ್ತದೆ. ಕೀಬೋರ್ಡಿನಿಂದ ಬಂದ ‘34.20’ ಎಂಬ ಪಠ್ಯವನ್ನು ಫ್ಲೋಟ್ ಮಾಡಿ 100ರಿಂದ ಗುಣಿಸಬೇಡಿ. ಪಠ್ಯವನ್ನೇ ಬಿಗ್‌ಡೆಸಿಮಲ್‌ಗೆ ಕೊಟ್ಟು, ಬಿಂದುವನ್ನು ಎರಡು ಮನೆ ಬಲಕ್ಕೆ ಸರಿಸಿ, ಲಾಂಗ್ ಮಾಡಿಕೊಳ್ಳಿ.

ಇಷ್ಟೆಲ್ಲ ಓದಿ ಫ್ಲೋಟ್ ಕೆಲಸಕ್ಕೆ ಬಾರದ್ದು ಅಂದುಕೊಳ್ಳಬೇಡಿ. ಸೆನ್ಸರ್ ಓದುವಾಗ, ಚಿತ್ರ ಬಿಡಿಸುವಾಗ, ನ್ಯೂರಲ್ ನೆಟ್‌ವರ್ಕ್ ತರಬೇತಿಯಲ್ಲಿ 24 ಬಿಟ್ ನಿಖರತೆ ಧಾರಾಳ. ಡಬಲ್‌ನ ಅರ್ಧ ಮೆಮೊರಿ ಸಾಕು. ಕಾರ್ಟೆಕ್ಸ್ ಎಂ4 ಬಗೆಯ ಹಲವು ಮೈಕ್ರೊಕಂಟ್ರೋಲರ್‌ಗಳಲ್ಲಿ ಫ್ಲೋಟ್‌ಗೆ ಮಾತ್ರ ಹಾರ್ಡ್‌ವೇರ್ ಇರುತ್ತದೆ, ಡಬಲ್ ಸಾಫ್ಟ್‌ವೇರ್‌ನಲ್ಲಿ ನಿಧಾನವಾಗಿ ನಡೆಯುತ್ತದೆ. ಬೆಂಗಳೂರಿನ ರೇಖಾಂಶ 77.59ರ ಹತ್ತಿರ ಫ್ಲೋಟ್ ಗೆರೆಗಳ ಅಂತರ ನೆಲದ ಮೇಲೆ ಸುಮಾರು 83 ಸೆಂಟಿಮೀಟರ್. ಬಸ್ ಸ್ಟಾಪ್ ಹುಡುಕಲು ಬೇಕಾದಷ್ಟಾಯಿತು, ಸೈಟಿನ ಗಡಿ ಅಳೆಯಲು ಸಾಲದು. ಅಂತರ ಎಷ್ಟು, ಕೆಲಸಕ್ಕೆ ಎಷ್ಟು ಬೇಕು, ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿಯೇ ಟೈಪ್ ಆರಿಸಬೇಕು.

ಕೊನೆಯದಾಗಿ, ಈಗಾಗಲೇ ಫ್ಲೋಟ್‌ನಲ್ಲಿ ಉಳಿಸಿರುವ ಹಳೆಯ ಡೇಟಾ. ಒಬ್ಬೊಬ್ಬರ ಲೀಟರ್, ಫ್ಯಾಟ್, ದರ ಸಣ್ಣ ಸಂಖ್ಯೆಗಳು. ಅಲ್ಲಿ ಗೆರೆಗಳು ಒತ್ತಾಗಿರುವುದರಿಂದ ನಮೂದಿಸಿದ ಸಂಖ್ಯೆ ಯಾವುದೆಂದು ಅನುಮಾನವಿಲ್ಲದೆ ತಿಳಿಯುತ್ತದೆ. ಫ್ಯಾಟನ್ನು 10ರಿಂದ, ದರವನ್ನು 100ರಿಂದ, ಲೀಟರನ್ನು 1,000ದಿಂದ ಗುಣಿಸಿ ಮ್ಯಾಥ್‌ನ ರೌಂಡ್ ಬಳಸಿದರೆ ಮೂಲ ಸಂಖ್ಯೆ ಹಾಗೆಯೇ ವಾಪಸ್ ಸಿಗುತ್ತದೆ. ಕ್ಯಾಸ್ಟ್ ಮಾಡಬೇಡಿ. ಒಟ್ಟು ಮೊತ್ತಗಳನ್ನು ಹಾಗೆ ರಿಪೇರಿ ಮಾಡಲು ಆಗುವುದಿಲ್ಲ, ಅಲ್ಲಿ ಕಳೆದ ಪೈಸೆ ಎಲ್ಲೂ ಉಳಿದಿಲ್ಲ. ಅವನ್ನು ಅಳಿಸಿ, ನಮೂದುಗಳಿಂದ ಹೊಸದಾಗಿ ಕೂಡಿಸಿ. ಹಾಗೆ ಮಾಡುವಾಗ ಫ್ಯಾಟ್ 3.6, 3.8, 4.1, 4.2, 4.6, 4.7 ಇರುವ ಸಾಲುಗಳ ದರವನ್ನು ಹೊಸ ಪಟ್ಟಿಯೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ರೈತರವಾರು ಪಟ್ಟಿ ಮಾಡಿ ಕಾರ್ಯದರ್ಶಿಯವರ ಕೈಗೆ ಕೊಡಿ. ಅದು ಆ ರೈತರಿಗೆ ಸಂಘ ಕೊಡಬೇಕಾದ ಬಾಕಿ.